ಎವೆಂಕಿ ಪದವನ್ನು ನಿಘಂಟಿನಲ್ಲಿ ಹುಡುಕಿ ಕನ್ನಡದಲ್ಲಿ ಬರೆಯುವ ಬಗೆ

1908ರಲ್ಲಿ ಸೈಬೀರಿಯಾದಲ್ಲಿ ನಡೆದ ತುಂಗುಸ್ಕಾ ಸ್ಫೋಟದ ಬಗ್ಗೆ ಲೇಖನ ಬರೆಯುವವರು, ಸೈಬೀರಿಯಾದ ಜನಪದ ಕತೆಗಳನ್ನು ಅನುವಾದಿಸುವವರು, ಭಾಷಾವಿಜ್ಞಾನದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಸೈಬೀರಿಯಾದ ಎವೆಂಕಿ ಜನರ ಭಾಷೆಯ ಒಂದು ಪದ ಸಿಕ್ಕಿದೆ, ಒಂದೊಂದು ಪುಸ್ತಕದಲ್ಲಿ ಒಂದೊಂದು ಕಾಗುಣಿತ ಕಾಣುತ್ತಿದೆ, ನಿಘಂಟಿನಲ್ಲಿ ಹುಡುಕಿದರೆ ಸಿಗುತ್ತಿಲ್ಲ. ಕನ್ನಡದಲ್ಲಿ ಇದನ್ನು ಹೇಗೆ ಬರೆಯಬೇಕು? ಉತ್ತರವನ್ನು ಹಂತ ಹಂತವಾಗಿ ಕೊಡುತ್ತಿದ್ದೇನೆ.

ಮೊದಲೇ ಒಂದು ಮಾತು. ಎವೆಂಕಿ ಪದಗಳನ್ನು ಇಂಗ್ಲಿಷ್ ಕಾಗುಣಿತ ನೋಡಿಕೊಂಡು ಕನ್ನಡಕ್ಕೆ ತರಬೇಡಿ. ಇಂಗ್ಲಿಷಿನ ದಾರಿಯಲ್ಲಿ ಕಳೆದುಹೋಗುವುದು ಮುಖ್ಯವಾಗಿ ಮೂರು: ಸ್ವರಗಳ ಹ್ರಸ್ವ-ದೀರ್ಘ, ಙ ಧ್ವನಿ, ಞ ಧ್ವನಿ. ಈ ಮೂರಕ್ಕೂ ನಮ್ಮ ವರ್ಣಮಾಲೆಯಲ್ಲಿ ಅಕ್ಷರ ಇದೆ. ರಷ್ಯನ್ ಲಿಪಿಯಲ್ಲಿ ಹೆಚ್ಚುವರಿ ಗುರುತು ಹಾಕಿ ಬರೆಯಬೇಕಾದದ್ದನ್ನು ಕನ್ನಡದಲ್ಲಿ ಸಲೀಸಾಗಿ ಬರೆಯಬಹುದು. ಇಷ್ಟು ಒಳ್ಳೆಯ ಲಿಪಿ ಕೈಯಲ್ಲಿರುವಾಗ ಅರೆಬರೆ ಕಾಗುಣಿತಕ್ಕೆ ತೃಪ್ತಿಪಡುವುದು ಆ ಭಾಷೆಗೂ ನಮ್ಮ ಭಾಷೆಗೂ ಮಾಡುವ ಅನ್ಯಾಯ.

ಎವೆಂಕಿ ತುಂಗೂಸಿಕ್ ಭಾಷಾಕುಟುಂಬಕ್ಕೆ ಸೇರಿದ್ದು. ಮಂಚು ಇದರ ದೂರದ ನೆಂಟ. ಯೆನಿಸೇಯ್ ನದಿಯಿಂದ ಪೂರ್ವಕ್ಕೆ ಒಖೋಟ್‌ಸ್ಕ್ ಸಮುದ್ರದವರೆಗೆ, ದಕ್ಷಿಣದಲ್ಲಿ ಚೀನಾದವರೆಗೆ ಹರಡಿದ ಪ್ರದೇಶದಲ್ಲಿ ಚದುರಿಕೊಂಡಿರುವ ಜನರ ಮಾತು. ರಷ್ಯಾದ 2010ರ ಜನಗಣತಿಯಲ್ಲಿ ತಾವು ಎವೆಂಕಿಗಳು ಎಂದು ಬರೆಸಿದವರು ಸುಮಾರು 38,000. ಭಾಷೆ ಬಲ್ಲವರು ಸುಮಾರು 4,800 ಮಾತ್ರ. ಹೀಗಾಗಿ ಪದ ಸರಿಯೋ ತಪ್ಪೋ ಎಂದು ಕೇಳಲು ನಮಗೆ ಮಾತುಗಾರರು ಸಿಗುವುದು ಕಷ್ಟ. ನಿಘಂಟನ್ನು ಸರಿಯಾಗಿ ಓದಲು ಕಲಿಯುವುದೇ ದಾರಿ.

ಏನೇನು ಬೇಕು

ರಷ್ಯನ್ ವರ್ಣಮಾಲೆಯ 33 ಅಕ್ಷರಗಳ ಗುರುತು ನಿಮಗಿರಬೇಕು. ರಷ್ಯನ್ ಭಾಷೆ ಬರಬೇಕೆಂದಿಲ್ಲ, ಅಕ್ಷರ ಓದಲು ಬಂದರೆ ಸಾಕು. ಅರ್ಥಗಳು ರಷ್ಯನ್‌ನಲ್ಲಿ ಇರುವುದರಿಂದ ಪಕ್ಕದಲ್ಲಿ ಒಂದು ರಷ್ಯನ್-ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ.

ಎವೆಂಕಿ-ರಷ್ಯನ್ ನಿಘಂಟುಗಳಲ್ಲಿ ಎರಡು ಮುಖ್ಯ. ಗ್ಲಾಫಿರಾ ವಸಿಲೇವಿಚ್ ಅವರದು 1958ರಲ್ಲಿ ಮಾಸ್ಕೋದಲ್ಲಿ ಬಂತು, ಸುಮಾರು 25,000 ಪದಗಳದ್ದು. ಆನ್ನಾ ಮಿರೆಯೆವಾ ಅವರದು 2004ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಪ್ರಕಟವಾಯಿತು, ಸುಮಾರು 30,000 ಪದಗಳದ್ದು. ರಷ್ಯನ್‌ನಿಂದ ಎವೆಂಕಿಗೆ ಹೋಗಬೇಕಾದಾಗ ಬೊರಿಸ್ ಬೊಲ್ದಿರೆವ್ ಅವರ 1994ರ ನಿಘಂಟು ಅನುಕೂಲ. ಒಂದೇ ಕೊಳ್ಳಲು ಅಥವಾ ಗ್ರಂಥಾಲಯದಿಂದ ತರಿಸಲು ಸಾಧ್ಯವಿದ್ದರೆ ವಸಿಲೇವಿಚ್ ಅವರದನ್ನೇ ಆರಿಸಿ. ಯಾವ ಪದ ಯಾವ ಸೀಮೆಯದು ಎಂದು ಅದರಲ್ಲಿ ಗುರುತಿಸಿರುವುದು ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ.

ಹಂತ 1: ಅದು ಎವೆಂಕಿಯೇ ಹೌದೇ ಎಂದು ನೋಡಿಕೊಳ್ಳಿ

ಎವೆಂಕಿ ಬೇರೆ, ಎವೆನ್ ಬೇರೆ. ಹೆಸರು ಹತ್ತಿರ, ಭಾಷೆಗಳೂ ಒಡಹುಟ್ಟಿದವು, ಆದರೆ ನಿಘಂಟುಗಳು ಬೇರೆ ಬೇರೆ. ಹಳೆಯ ಪುಸ್ತಕಗಳಲ್ಲಿ 'ತುಂಗೂಸ್' ಎಂದಿದ್ದರೆ ಬಹುಪಾಲು ಎವೆಂಕಿಯೇ. ಎವೆನ್ ಜನರನ್ನು ಹಿಂದೆ 'ಲಾಮುತ್' ಎನ್ನುತ್ತಿದ್ದರು. ಚೀನಾದಲ್ಲಿ ಎವೆಂಕಿ ಎಂಬ ಹೆಸರಿನ ಅಧಿಕೃತ ಜನಾಂಗದೊಳಗೆ ಸೊಲೊನ್ ಮಾತನಾಡುವವರೂ ಸೇರಿದ್ದಾರೆ. ಸೊಲೊನ್ ಅನ್ನು ಅನೇಕ ಭಾಷಾವಿಜ್ಞಾನಿಗಳು ಪ್ರತ್ಯೇಕ ಭಾಷೆ ಎಂದೇ ಎಣಿಸುತ್ತಾರೆ. ನಿಮ್ಮ ಪದ ಚೀನಾದ ಮೂಲದಿಂದ ಬಂದಿದ್ದರೆ ರಷ್ಯಾದ ನಿಘಂಟಿನಲ್ಲಿ ಸಿಗದೇ ಹೋಗಬಹುದು. ಹಾಗೆಂದು ಪದ ತಪ್ಪು ಎನ್ನಬೇಡಿ.

ಹಂತ 2: ಮೂಲ ಯಾವ ಕಾಲದ್ದು ಎಂದು ತಿಳಿಯಿರಿ

ಎವೆಂಕಿಗೆ 1931ರಲ್ಲಿ ಬಂದದ್ದು ಲ್ಯಾಟಿನ್ ಆಧಾರದ ಲಿಪಿ. 1937ರ ಹೊತ್ತಿಗೆ ಅದನ್ನು ಬಿಟ್ಟು ಸಿರಿಲಿಕ್, ಅಂದರೆ ರಷ್ಯನ್ ಲಿಪಿಗೆ ಬದಲಾಯಿಸಿದರು. ಲಿಪಿ ಮಾತ್ರ ಬದಲಾಗಲಿಲ್ಲ, ಬರಹಕ್ಕೆ ಆಧಾರವಾದ ಆಡುನುಡಿಯೂ ಬದಲಾಯಿತು. ಮೊದಲು ನೇಪಾ ಸೀಮೆಯ ಮಾತಿನ ಮೇಲೆ ಪಠ್ಯಪುಸ್ತಕಗಳು ನಿಂತಿದ್ದವು. 1950ರ ದಶಕದ ಆರಂಭದಿಂದ ಪೊಲಿಗೂಸ್ ಮಾತು ಆ ಜಾಗಕ್ಕೆ ಬಂತು. ಪೊಲಿಗೂಸ್ ಇರುವುದು ಪೊಡ್‌ಕಾಮೆನ್ನಾಯಾ ತುಂಗುಸ್ಕಾ ನದಿಯ ಸೀಮೆಯಲ್ಲಿ. 1908ರ ಜೂನ್ 30ರ ಸ್ಫೋಟ ನಡೆದದ್ದೂ ಇದೇ ನದಿಯ ಜಲಾನಯನ ಪ್ರದೇಶದಲ್ಲಿ.

ನೇಪಾ ಮಾತಿನಲ್ಲಿ 'ಶ' ಇರುವ ಕಡೆ ಪೊಲಿಗೂಸ್ ಮಾತಿನಲ್ಲಿ 'ಸ' ಬರುತ್ತದೆ. ಆದ್ದರಿಂದ 1930ರ ದಶಕದ ಪುಸ್ತಕದಿಂದ ಎತ್ತಿದ ಪದ ಇಂದಿನ ನಿಘಂಟಿನಲ್ಲಿ ಸಿಗದಿದ್ದರೆ 'ಶ' ಜಾಗದಲ್ಲಿ 'ಸ' ಇಟ್ಟು ಹುಡುಕಿ. ಎರಡೂ ಅದರದರ ಕಾಲಕ್ಕೆ ಸರಿಯಾದ ಬರಹಗಳೇ.

ಹಂತ 3: 'ದ' ಅಕ್ಷರವನ್ನು ಎರಡು ರೀತಿ ಓದಲು ಕಲಿಯಿರಿ

ಹೆಚ್ಚು ಜನ ಎಡವುವುದು ಇಲ್ಲಿ. ರಷ್ಯನ್ ಲಿಪಿಯಲ್ಲಿ ನಮ್ಮ 'ಜ' ಧ್ವನಿಗೆ ಒಂಟಿ ಅಕ್ಷರ ಇಲ್ಲ. ಎವೆಂಕಿಗೆ ಆ ಧ್ವನಿ ಬಹಳ ಬೇಕು. ಹೀಗಾಗಿ 'ದ' ಅಕ್ಷರದ ಮುಂದೆ ಯಾವ ಸ್ವರ ಬರುತ್ತದೆ ಎನ್ನುವುದರ ಮೇಲೆ ಓದು ನಿಲ್ಲುತ್ತದೆ. ರಷ್ಯನ್‌ನಲ್ಲಿ ಯ, ಯೊ, ಯು, ಯೆ ಎಂದು ಓದುವ ನಾಲ್ಕು ಅಕ್ಷರಗಳು ಅಥವಾ ಸಾಮಾನ್ಯ 'ಇ' ಅಕ್ಷರ 'ದ'ದ ಮುಂದೆ ಬಂದರೆ ಅದು ಜ, ಜೊ, ಜು, ಜೆ, ಜಿ ಆಗುತ್ತದೆ. ಹಾಗಾದರೆ ನಿಜವಾದ 'ದಿ' ಬರೆಯುವುದು ಹೇಗೆ? ಅದಕ್ಕೆ ರಷ್ಯನ್‌ನ ಗಡಸು 'ಇ', ಅಂದರೆ ಎರಡು ತುಂಡಾಗಿ ಬರೆಯುವ ಸ್ವರಾಕ್ಷರವನ್ನು ಬಳಸುತ್ತಾರೆ. ರಷ್ಯನ್‌ನಲ್ಲಿ ಅದರ ಉಚ್ಚಾರಣೆ ಬೇರೆಯಾದರೂ ಎವೆಂಕಿಯಲ್ಲಿ ಅದು 'ಇ' ಎಂದೇ ತಿಳಿಯಿರಿ. 'ದ'ವನ್ನು ಜ ಆಗದಂತೆ ಕಾಯುವುದೇ ಅಲ್ಲಿ ಅದರ ಕೆಲಸ.

'ನ' ಅಕ್ಷರದ ಕತೆಯೂ ಇಂಥದ್ದೇ. ಯ, ಯೊ, ಯು ಅಕ್ಷರಗಳ ಹಿಂದೆ ಬಂದ 'ನ' ನಮ್ಮ ಞ.

ಒಂದರಿಂದ ಹತ್ತರವರೆಗಿನ ಎಣಿಕೆಯಲ್ಲಿ ಈ ನಿಯಮಗಳೆಲ್ಲ ಸಿಗುತ್ತವೆ. ನಿಘಂಟು ತೆರೆದು ಒಂದೊಂದನ್ನೂ ಹುಡುಕಿ, ಅಭ್ಯಾಸವಾಗುತ್ತದೆ: ಉಮೂನ್, ಜೂರ್, ಇಲನ್, ದಿಗಿನ್, ತುನ್ಙ, ಞುಙುನ್, ನದನ್, ಜಪ್ಕುನ್, ಯೆಗಿನ್, ಜಾನ್.

ಜೂರ್, ಜಪ್ಕುನ್, ಜಾನ್ ಮೂರನ್ನೂ ನಿಘಂಟಿನಲ್ಲಿ 'ದ' ವಿಭಾಗದಲ್ಲೇ ನೋಡಬೇಕು. ದಿಗಿನ್ ಕೂಡ ಅದೇ ವಿಭಾಗ, ಆದರೆ ಅಲ್ಲಿ ಗಡಸು 'ಇ' ಇದೆ. ರಷ್ಯನ್ ಬಲ್ಲವರೇ ಮೊದಲ ಸಲ ಓದುವಾಗ ಜೂರ್ ಅನ್ನು 'ದ್ಯೂರ್' ಎಂದೂ ಜಾನ್ ಅನ್ನು 'ದ್ಯಾನ್' ಎಂದೂ ಓದಿ ಹಾಗೆಯೇ ಕನ್ನಡಕ್ಕೆ ಇಳಿಸುತ್ತಾರೆ. ಕನ್ನಡದಲ್ಲಿ ಜ ಇರುವಾಗ ಆ ಒತ್ತಕ್ಷರ ಬೇಡ. ಅದೇ ರೀತಿ ಆರು ಎಂಬ ಅರ್ಥದ ಞುಙುನ್ ಅನ್ನು 'ನ್ಯುಂಗುನ್' ಎಂದು ಬರೆದರೆ ಮೂಲದಲ್ಲಿ ಇಲ್ಲದ ಗಕಾರವೊಂದು ಬಂದು ಕೂರುತ್ತದೆ.

ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಈ ಜ ಧ್ವನಿಗೆ ಹಲವು ಗುರುತುಗಳಿವೆ: ತಲೆಯ ಮೇಲೆ ಕೊಕ್ಕೆ ಇರುವ ಲ್ಯಾಟಿನ್ 'ಜೆ', ಪಕ್ಕದಲ್ಲಿ ಚುಕ್ಕೆಗೀಟು ಇರುವ 'ಡಿ', 'ಡಿ'ಯ ಜತೆಗೆ 'ಜೆ'. ಎಲ್ಲವೂ ಒಂದೇ. ಕನ್ನಡಕ್ಕೆ ಬರುವಾಗ ಎಲ್ಲಕ್ಕೂ ಜ.

ಹಂತ 4: ಙಕಾರದ ಅಕ್ಷರವನ್ನು ಗುರುತಿಸಿ

ಎವೆಂಕಿ ವರ್ಣಮಾಲೆ ರಷ್ಯನ್‌ನ 33 ಅಕ್ಷರಗಳಿಗೆ ಸೇರಿಸಿಕೊಂಡಿರುವುದು ಒಂದೇ ಒಂದು ಅಕ್ಷರವನ್ನು. ರಷ್ಯನ್ 'ನ' ನೋಡಲು ಇಂಗ್ಲಿಷಿನ ದೊಡ್ಡ 'ಎಚ್' ಹಾಗಿರುತ್ತದೆ. ಅದರ ಬಲಗಾಲಿನ ತುದಿಗೆ ಎಡಕ್ಕೆ ಬಾಗಿದ ಕೊಕ್ಕೆ ಹಾಕಿದರೆ ಙ ಆಗುತ್ತದೆ. ನಿಘಂಟಿನಲ್ಲಿ ಇದರ ಜಾಗ 'ನ' ಮುಗಿದ ಮೇಲೆ, 'ಒ' ಶುರುವಾಗುವ ಮೊದಲು. ಪ್ರತ್ಯೇಕ ವಿಭಾಗ ಇದೆ ಎಂಬುದನ್ನು ಮರೆತು 'ನ' ವಿಭಾಗದಲ್ಲೇ ಹುಡುಕಿ ಪದ ಇಲ್ಲ ಎಂದುಕೊಳ್ಳುವವರು ಬಹಳ.

ಕನ್ನಡದಲ್ಲಿ ಙ ಪದದ ಆರಂಭದಲ್ಲಿ ಬರುವುದಿಲ್ಲ; ಎವೆಂಕಿಯಲ್ಲಿ ಧಾರಾಳವಾಗಿ ಬರುತ್ತದೆ. ಙೀ ಎಂದರೆ ಯಾರು, ಙಿನಕಿನ್ ಎಂದರೆ ನಾಯಿ, ಙೆನೆ- ಎಂದರೆ ಹೋಗು. ಉಚ್ಚರಿಸಲು ಮೊದಮೊದಲು ಕಷ್ಟವಾದರೂ ಬರೆಯುವಾಗ ಹಿಂಜರಿಯಬೇಡಿ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಙ, ಞ ಎರಡೂ ಇವೆ, ಕಾಗುಣಿತದ ಗುರುತುಗಳೂ ಅವುಗಳಿಗೆ ಹತ್ತುತ್ತವೆ.

ಎಚ್ಚರ: ಕಂಪ್ಯೂಟರಿನಲ್ಲಿ ಈ ಅಕ್ಷರವನ್ನು ಹೋಲುವ ಇನ್ನೆರಡು ಇವೆ. ಬಲಗಾಲಿಗೆ ನೇರ ಬಾಲ ಇರುವುದು ಕಜಖ್ ಮುಂತಾದ ಭಾಷೆಗಳದ್ದು. ಬಲಗಾಲಿನ ತಲೆಯಿಂದ ಬಲಕ್ಕೆ ಕೈ ಚಾಚಿದ್ದು ಸಖಾ (ಯಾಕೂತ್) ಭಾಷೆಯದ್ದು. ಕೀಲಿಮಣೆಯಲ್ಲಿ ಏನು ಸಿಕ್ಕಿತೋ ಅದನ್ನೇ ಒತ್ತಿ ಟೈಪ್ ಮಾಡಿದ ಎವೆಂಕಿ ಬರಹಗಳು ಅಂತರಜಾಲದಲ್ಲಿ ಸಿಗುತ್ತವೆ. ಕಣ್ಣಿಗೆ ಒಂದೇ ಥರ ಕಂಡರೂ ಹುಡುಕಾಟದ ಯಂತ್ರಕ್ಕೆ ಅವು ಮೂರು ಬೇರೆ ಬೇರೆ ಅಕ್ಷರಗಳು. ಯೂನಿಕೋಡ್ ಪಟ್ಟಿಯಲ್ಲಿ ಎವೆಂಕಿಯ ಕೊಕ್ಕೆ ಅಕ್ಷರದ ದಶಮಾನ ಸಂಖ್ಯೆ ದೊಡ್ಡದಕ್ಕೆ 1223, ಚಿಕ್ಕದಕ್ಕೆ 1224. ಬಾಲದ ಚಿಕ್ಕಕ್ಷರ 1187, ಸಖಾ ಚಿಕ್ಕಕ್ಷರ 1189. ಹುಡುಕಿದ್ದು ಸಿಗದಿದ್ದರೆ ಮೂರನ್ನೂ ಪ್ರಯತ್ನಿಸಿ. ಕೊಕ್ಕೆ ಅಕ್ಷರ ಇಲ್ಲದ ಕೀಲಿಮಣೆಯಲ್ಲಿ ಬರೆದವರು 'ನ' ಮತ್ತು 'ಗ' ಎರಡನ್ನು ಒಟ್ಟಿಗೆ ಇಟ್ಟಿರುವುದೂ ಉಂಟು.

ಹಂತ 5: ಅಡ್ಡಗೆರೆ ಕಾಣದಿದ್ದರೆ ಸ್ವರ ಹ್ರಸ್ವ ಎಂದು ತೀರ್ಮಾನಿಸಬೇಡಿ

ಎವೆಂಕಿಯಲ್ಲಿ ದೀರ್ಘ ಸ್ವರ ಅರ್ಥವನ್ನೇ ಬದಲಿಸುತ್ತದೆ. ಬು- ಎಂದರೆ ಸಾಯು. ಬೂ- ಎಂದರೆ ಕೊಡು. ಈ ದೀರ್ಘವನ್ನು ನಿಘಂಟುಗಳು ಮತ್ತು ಪಠ್ಯಪುಸ್ತಕಗಳು ಸ್ವರದ ತಲೆಯ ಮೇಲೆ ಅಡ್ಡಗೆರೆ ಎಳೆದು ತೋರಿಸುತ್ತವೆ. ಇದಕ್ಕೆ ಮ್ಯಾಕ್ರಾನ್ ಎಂದು ಹೆಸರು. ಪತ್ರಿಕೆ, ಕತೆ, ಹಾಡುಗಳ ಮುದ್ರಣದಲ್ಲಿ ಗೆರೆಯನ್ನು ಬಿಟ್ಟುಬಿಡುವುದು ಸಾಮಾನ್ಯ. ಭಾಷೆ ಬಲ್ಲವರು ಸಂದರ್ಭ ನೋಡಿ ಓದಿಕೊಳ್ಳುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ಆದ್ದರಿಂದ ಕತೆಯಲ್ಲೋ ಹಾಡಿನಲ್ಲೋ ಸಿಕ್ಕ ಪದವನ್ನು ನಿಘಂಟಿನಲ್ಲಿ ನೋಡದೆ ಕನ್ನಡಕ್ಕೆ ಇಳಿಸಬಾರದು.

ಅಕ್ಷರಾನುಕ್ರಮದಲ್ಲಿ ಗೆರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬು-, ಬೂ- ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಎರಡೂ ನಮೂದುಗಳನ್ನು ಪೂರ್ತಿ ಓದಿ.

ಕಂಪ್ಯೂಟರಿನಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು. ಗೆರೆ ಸೇರಿಯೇ ಒಂದೇ ಅಕ್ಷರವಾಗಿ ಯೂನಿಕೋಡ್‌ನಲ್ಲಿ ಸಿಗುವ ಸಿರಿಲಿಕ್ ಸ್ವರಗಳು ಎರಡೇ: 'ಇ' (ಚಿಕ್ಕದು 1251) ಮತ್ತು 'ಉ' (ಚಿಕ್ಕದು 1263). ಮಿಕ್ಕ ಸ್ವರಗಳಿಗೆ ಮೊದಲು ಸ್ವರ, ಆಮೇಲೆ 772 ಸಂಖ್ಯೆಯ ಸಂಯೋಜಕ ಗೆರೆ ಎಂದು ಎರಡಾಗಿ ಟೈಪ್ ಮಾಡಬೇಕು. ಅವಸರದಲ್ಲಿ ಕೆಲವರು ಗೆರೆಯಿರುವ ಲ್ಯಾಟಿನ್ 'ಎ', 'ಒ'ಗಳನ್ನೇ ಸಿರಿಲಿಕ್ ಪದದ ನಡುವೆ ಸೇರಿಸಿರುತ್ತಾರೆ. ಮುದ್ರಣದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ, ಹುಡುಕಾಟದಲ್ಲಿ ಮಾತ್ರ ಪದ ಮಾಯ. ಗೆರೆಗಳನ್ನೆಲ್ಲ ತೆಗೆದು ಒಮ್ಮೆ ಹುಡುಕಿ, ಸಿಕ್ಕ ಪಟ್ಟಿಯಿಂದ ಆರಿಸಿಕೊಳ್ಳುವುದು ಸುಲಭ.

ಹಂತ 6: ಪ್ರತ್ಯಯಗಳನ್ನು ಕಳಚಿ ಧಾತುವಿಗೆ ಬನ್ನಿ

'ಹೋಗುತ್ತಿದ್ದಾಳೆ' ಎಂಬ ಪದವನ್ನು ಕನ್ನಡ ನಿಘಂಟಿನಲ್ಲಿ ಯಾರೂ ಹುಡುಕುವುದಿಲ್ಲ, 'ಹೋಗು' ನೋಡುತ್ತೇವೆ. ಎವೆಂಕಿಯೂ ಕನ್ನಡದ ಹಾಗೆ ಪದದ ಕೊನೆಗೆ ಪ್ರತ್ಯಯಗಳನ್ನು ಒಂದರ ಮೇಲೊಂದು ಪೋಣಿಸುವ ಭಾಷೆ. ಇಂಗ್ಲಿಷ್ ಮಾತೃಭಾಷೆಯವರಿಗಿಂತ ನಮಗೆ ಇದು ಹೆಚ್ಚು ಸಹಜವಾಗಿ ಬರುತ್ತದೆ.

ಒಂದು ಕ್ರಿಯಾಪದವನ್ನು ಬಿಡಿಸೋಣ: ಹವಲ್ಜರನ್, 'ಕೆಲಸ ಮಾಡುತ್ತಿದ್ದಾನೆ'. ಕೊನೆಯ ರನ್ ಕಾಲವನ್ನೂ 'ಅವನು, ಅವಳು' ಎಂಬುದನ್ನೂ ಹೇಳುತ್ತದೆ. ನಡುವಿನ ಜ ಕ್ರಿಯೆ ನಡೆಯುತ್ತಲೇ ಇದೆ ಎಂಬ ಸೂಚನೆ. ಉಳಿದ ಹವಲ್- ಧಾತು. ಅದರ ಹಿಂದೆ ಹವ, ಅಂದರೆ ಕೆಲಸ, ಎಂಬ ನಾಮಪದ. ಈಗ ಙೆನೆಜೆರೆನ್ ನೋಡಿ, 'ಹೋಗುತ್ತಿದ್ದಾನೆ'. ಅದೇ ಎರಡು ಪ್ರತ್ಯಯಗಳು, ಆದರೆ ಜ-ರನ್ ಜಾಗದಲ್ಲಿ ಜೆ-ರೆನ್. ಧಾತುವಿನ ಸ್ವರಕ್ಕೆ ಹೊಂದಿಕೊಂಡು ಪ್ರತ್ಯಯದ ಸ್ವರ ಬದಲಾಗುವ ಈ ಗುಣಕ್ಕೆ ಸ್ವರಸಾಮರಸ್ಯ ಎನ್ನುತ್ತಾರೆ. ಬಹಳಷ್ಟು ಪ್ರತ್ಯಯಗಳಿಗೆ ಹೀಗೆ ಅ, ಎ, ಒ ಎಂದು ಮೂರು ರೂಪ ಇರುತ್ತವೆ. 'ಅಲ್ಲಿ, ಅಲ್ಲಿಗೆ' ಎಂಬ ಅರ್ಥದ ಪ್ರತ್ಯಯ ಲಾ, ಲೇ, ಲೋ ಆಗುವಂತೆ. ಜೂ ಎಂದರೆ ಮನೆ, ಜೂಲಾ ಎಂದರೆ ಮನೆಯಲ್ಲಿ ಅಥವಾ ಮನೆಗೆ.

ಧಾತು ಸಿಕ್ಕರೂ ನಿಘಂಟಿನ ಮುಖ್ಯ ನಮೂದು ಎರಡು ಬಗೆಯಲ್ಲಿ ಇರಬಹುದು. ಕೆಲವು ಕಡೆ ಧಾತುವನ್ನು ಬರೆದು ಕಿರುಗೆರೆ ಹಾಕಿರುತ್ತಾರೆ. ಇನ್ನು ಕೆಲವು ಕಡೆ, ಮುಖ್ಯವಾಗಿ ಶಾಲಾ ಪುಸ್ತಕಗಳಲ್ಲಿ, ಮೀ ಸೇರಿಸಿ ಙೆನೆಮೀ ಎಂದು ಕೊಡುತ್ತಾರೆ. ಈ ಮೀ ಧಾತುವಿನ ಭಾಗ ಅಲ್ಲ, ಕನ್ನಡಕ್ಕೆ ತರುವಾಗ ಬಿಟ್ಟುಬಿಡಿ.

ನಾಮಪದಗಳಲ್ಲಿ ಸಾಮಾನ್ಯವಾಗಿ ಕಾಡುವುದು ಬಹುವಚನ. ಸ್ವರದಲ್ಲಿ ಮುಗಿದರೆ ಲ್ ಸೇರುತ್ತದೆ: ದೆಗಿ ಹಕ್ಕಿ, ದೆಗಿಲ್ ಹಕ್ಕಿಗಳು. ನ್‌ನಲ್ಲಿ ಮುಗಿದರೆ ಆ ನ್ ಬಿದ್ದು ರ್ ಬರುತ್ತದೆ: ಒರೊನ್ ಹಿಮಸಾರಂಗ, ಒರೊರ್ ಹಿಮಸಾರಂಗಗಳು. ಕತೆಯಲ್ಲಿ ಒರೊರ್ ಕಂಡು ನಿಘಂಟಿನಲ್ಲಿ ಅದನ್ನೇ ಹುಡುಕಿದರೆ ಸಿಗದು. 'ಹಿಮಸಾರಂಗವನ್ನು' ಎನ್ನುವಾಗ ಒರೊನ್ಮೊ ಆಗುತ್ತದೆ. ಸ್ವರದ ಮುಂದೆ ವಕಾರದಿಂದ ಶುರುವಾಗುವ ಇದೇ ಪ್ರತ್ಯಯ ಇಲ್ಲಿ ನಕಾರದ ಪ್ರಭಾವದಿಂದ ಮಕಾರವಾಗಿದೆ. ಮನೆಯ ವಿಷಯಕ್ಕೆ ಬಂದರೆ ಜೂವ್ ನನ್ನ ಮನೆ, ಜೂನ್ ಅವನ ಅಥವಾ ಅವಳ ಮನೆ. ಕೊನೆಯಲ್ಲಿ ನ್ ಅಥವಾ ವ್ ಕಂಡರೆ ಅದು ಪದದ್ದೋ ಒಡೆತನದ ಪ್ರತ್ಯಯವೋ ಎಂದು ಒಮ್ಮೆ ಅನುಮಾನಿಸಿ.

ಹಂತ 7: ಸ, ಶ, ಹ ವ್ಯತ್ಯಾಸವನ್ನು ತಿದ್ದಬೇಡಿ

ಎವೆಂಕಿಯ ಆಡುನುಡಿಗಳನ್ನು ಗುಂಪು ಮಾಡುವುದೇ ಈ ಧ್ವನಿಯ ಆಧಾರದ ಮೇಲೆ. ಹೆಂಗಸು ಎಂಬ ಪದ ದಕ್ಷಿಣದ ಒಂದು ಕಡೆ ಅಸೀ, ಇನ್ನೊಂದು ಕಡೆ ಅಶೀ, ಉತ್ತರದಲ್ಲಿ ಅಹೀ. ಪೂರ್ವದ ಮಾತುಗಳು ಪದದ ಮೊದಲಲ್ಲಿ ಸಕಾರ ಉಳಿಸಿಕೊಂಡು ಸ್ವರಗಳ ನಡುವೆ ಹಕಾರ ಹೇಳುತ್ತವೆ. ನಿಮ್ಮ ಮೂಲದಲ್ಲಿ ಅಹೀ ಇದ್ದರೆ ಅಹೀ ಎಂದೇ ಬರೆಯಿರಿ. ಬರಹದ ಭಾಷೆಯ ರೂಪ ಅಸೀ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಿದರೆ ಸಾಕು. ಒಬ್ಬ ಅಜ್ಜಿ ಹೇಳಿದ ಕತೆಯ ಪದವನ್ನು ಪಠ್ಯಪುಸ್ತಕಕ್ಕೆ ಹೊಂದಿಸಿ ತಿದ್ದಿದರೆ ಆಕೆ ಯಾವ ನದಿಯ ದಡದವಳು ಎಂಬ ಮಾಹಿತಿಯೇ ಅಳಿದುಹೋಗುತ್ತದೆ. ಇಷ್ಟು ಕಡಿಮೆ ಜನ ಆಡುವ ಭಾಷೆಯಲ್ಲಿ ಆ ನಷ್ಟ ತುಂಬಿ ಬರುವಂಥದ್ದಲ್ಲ.

ವಸಿಲೇವಿಚ್ ನಿಘಂಟಿನಲ್ಲಿ ಅರ್ಥಗಳ ಪಕ್ಕದಲ್ಲಿ ಕೆಲವೇ ಅಕ್ಷರಗಳ ಸಂಕ್ಷೇಪಗಳಿವೆ. ಅವು ಇಲಿಂಪೆಯಾ, ಉರ್ಮಿ, ಉಚುರ್, ಸಖಾಲಿನ್ ಮುಂತಾದ ಸೀಮೆಗಳ ಹೆಸರುಗಳು. ಪುಸ್ತಕದ ಮುಂಭಾಗದ ಸಂಕ್ಷೇಪಗಳ ಪಟ್ಟಿಯನ್ನು ಪ್ರತಿ ಮಾಡಿ ಪಕ್ಕದಲ್ಲೇ ಇಟ್ಟುಕೊಳ್ಳಿ. ಒಂದೇ ಪದಕ್ಕೆ ಒಂದು ಸೀಮೆಯಲ್ಲಿ ಇರುವ ಅರ್ಥ ಇನ್ನೊಂದರಲ್ಲಿ ಇಲ್ಲದಿರಬಹುದು. ಮೊದಲ ಅರ್ಥವನ್ನೇ ಎತ್ತಿಕೊಂಡು ಮುಂದೆ ಹೋಗುವುದು ಅನುವಾದಕರಲ್ಲಿ ಕಾಣುವ ದೊಡ್ಡ ದೋಷ.

ಹಂತ 8: ಕನ್ನಡದಲ್ಲಿ ಬರೆಯಿರಿ

ಇಲ್ಲಿಗೆ ಬರುವ ಹೊತ್ತಿಗೆ ಕೆಲಸ ಬಹುಪಾಲು ಮುಗಿದಿರುತ್ತದೆ. ಉಳಿದದ್ದು ಕೆಲವು ತೀರ್ಮಾನಗಳು.

ಒ-ಓ, ಎ-ಏ ವ್ಯತ್ಯಾಸವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒರೊನ್‌ನಲ್ಲಿ ಎರಡೂ ಹ್ರಸ್ವ. ಅದನ್ನು 'ಓರಾನ್', 'ಓರೋನ್' ಎಂದು ಬರೆಯುವುದು ಇಂಗ್ಲಿಷ್ ಓದಿದ ಅಭ್ಯಾಸ.

ಮಹಾಪ್ರಾಣ ಬೇಡ, ಟ-ಡ-ಳ ಬೇಡ. ತ, ದ, ಲ ಸಾಕು. ಎವೆಂಕಿ ಭಾಷೆ ಎನ್ನಲು ಎವೆಂಕಿಗಳೇ ಹೇಳುವುದು ಎವೆದೀ ತುರೆನ್.

ಸೊನ್ನೆಯ ಬಗ್ಗೆ ಹುಷಾರು. ಕನ್ನಡದಲ್ಲಿ ಅನುಸ್ವಾರ ಮುಂದಿನ ಅಕ್ಷರ ನೋಡಿಕೊಂಡು ಧ್ವನಿ ಬದಲಿಸುತ್ತದೆ, ಪದದ ಕೊನೆಯಲ್ಲಿ ಮ್ ಆಗುತ್ತದೆ. ಐದು ಎಂಬ ಅರ್ಥದ ಪದದಲ್ಲಿ ನ್ ಮತ್ತು ಙ ಎರಡೂ ಇವೆ, ಎರಡಕ್ಕೂ ಬೇರೆ ಅಕ್ಷರ ಇದೆ. ಅದನ್ನು 'ತುಂಗ' ಎಂದರೆ ಎರಡೂ ಹೋದವು. ತುನ್ಙ ಎಂದೇ ಬರೆಯಿರಿ, ಕಣ್ಣಿಗೆ ಹೊಸದಾಗಿ ಕಂಡರೂ ಪರವಾಗಿಲ್ಲ.

ಒಂದು ಕಡೆ ಮಾತ್ರ ಕನ್ನಡ ಲಿಪಿ ಸಾಲದು. ರಷ್ಯನ್ ಲಿಪಿಯಲ್ಲಿ ಎಕಾರಕ್ಕೆ ಎರಡು ಅಕ್ಷರಗಳಿವೆ. ಒಂದು ನಮ್ಮ ಎ-ಏಗೆ ಹತ್ತಿರ: ಚಂದ್ರ ಎಂಬ ಅರ್ಥದ ಬೇಗ ಪದದಲ್ಲಿರುವುದು, ಪದದ ಮೊದಲಲ್ಲಿ ಮತ್ತು ಸ್ವರದ ಬಳಿಕ ಇದನ್ನು ಯೆ ಎಂದು ಓದಬೇಕು. ಇನ್ನೊಂದು ನಾಲಿಗೆ ನಡುವೆ ನಿಂತು ಹೊರಡುವ, ಅ ಮತ್ತು ಎ ನಡುವಿನ ಸ್ವರ: ಙೆನೆ-, ತುರೆನ್‌ಗಳಲ್ಲಿ ಇರುವುದು. ಮನುಷ್ಯ ಎಂಬ ಅರ್ಥದ ಬೆಯೆ ಪದದಲ್ಲಿ ಎರಡೂ ಇವೆ. ಕನ್ನಡದಲ್ಲಿ ಎರಡನ್ನೂ ಎಕಾರದಿಂದಲೇ ಬರೆಯಿರಿ, ಹೊಸ ಚಿಹ್ನೆ ಕಟ್ಟಲು ಹೋಗಬೇಡಿ. ವ್ಯತ್ಯಾಸ ಮುಖ್ಯವಾಗುವ ಶೈಕ್ಷಣಿಕ ಬರಹದಲ್ಲಿ ಮೂಲ ಲಿಪಿಯ ರೂಪವನ್ನು ಪಕ್ಕದಲ್ಲಿ ಕೊಡಿ.

ತುಂಗುಸ್ಕಾ ಬಗ್ಗೆ ಬರೆಯುವವರಿಗೆ ಒಂದು ವಿಶೇಷ ಸೂಚನೆ. ಸ್ಫೋಟವನ್ನು ಸ್ಥಳೀಯರು ಗುಡುಗಿನ ದೇವತೆಯ ಕೆಲಸ ಎಂದರು ಎನ್ನುವಾಗ ಇಂಗ್ಲಿಷ್ ಬರಹಗಳನ್ನು ನೋಡಿ 'ಓಗ್ಡಿ' ಎಂದು ಬರೆಯುವವರಿದ್ದಾರೆ. ಗುಡುಗು ಎಂಬ ಅರ್ಥದ ನಿಘಂಟಿನ ಪದ ಅಕಾರದಿಂದ ಶುರುವಾಗುತ್ತದೆ, 'ದ'ದ ಮುಂದೆ ಗಡಸು 'ಇ' ಇದೆ, ಅಂದರೆ ಅಗ್ದಿ. ಇನ್ನು ತುಂಗುಸ್ಕಾ, ಬೈಕಾಲ್, ಶಮನ್ ಮುಂತಾದವು ರಷ್ಯನ್ ಅಥವಾ ಇಂಗ್ಲಿಷ್ ಮೂಲಕ ಬಂದು ಕನ್ನಡದಲ್ಲಿ ಆಗಲೇ ನೆಲೆಯಾಗಿವೆ. ಅವನ್ನು ಹಾಗೆಯೇ ಬಿಡಿ. ಎವೆಂಕಿ ಮಾತಾಗಿಯೇ ಉಲ್ಲೇಖಿಸುವಾಗ ಮಾತ್ರ ಶಮನ್ (ಬುಡಕಟ್ಟಿನ ಮಾಂತ್ರಿಕ ಪೂಜಾರಿ) ಪದವನ್ನು ಸಮಾನ್ ಎಂದು ಸಕಾರದಿಂದ ಬರೆಯಿರಿ, ನಿಘಂಟಿನಲ್ಲಿಯೂ 'ಸ' ವಿಭಾಗದಲ್ಲೇ ಹುಡುಕಿ.

ಪ್ರಕಟಿಸುವ ಮುನ್ನ ಪ್ರತಿ ಪದದ ಜತೆಗೂ ಯಾವ ನಿಘಂಟಿನಿಂದ ತೆಗೆದದ್ದು, ಯಾವ ಸೀಮೆಯ ರೂಪ ಎಂದು ನಿಮ್ಮ ಕಡತದಲ್ಲಿ ಬರೆದಿಡಿ. ಮುದ್ರಣದಲ್ಲಿ ಅದು ಬಾರದಿದ್ದರೂ ಸರಿ. ಮುಂದೆ ಯಾರಾದರೂ ಅದೇ ಪದವನ್ನು ಬೇರೆ ಕಾಗುಣಿತದಲ್ಲಿ ತಂದು ತೋರಿಸಿದಾಗ, ಎರಡರಲ್ಲಿ ಒಂದು ತಪ್ಪೋ ಅಥವಾ ಎರಡು ಊರಿನ ಎರಡು ಸರಿಯಾದ ರೂಪಗಳೋ ಎಂದು ತಕ್ಷಣ ಹೇಳಬಲ್ಲಿರಿ.